ಸಿಕ್ಕ ಮದ್ದು ಮತ್ತೆ ಕಳೆದುಹೋದದ್ದು ಹೇಗೆ?

ಪ್ರಶ್ನೆ: ವಿಜ್ಞಾನದ ಇತಿಹಾಸ ಓದಿದಾಗಲೆಲ್ಲ ಅದು ಮೆಟ್ಟಿಲು ಹತ್ತಿದ ಹಾಗೆ ಕಾಣುತ್ತದೆ. ಒಬ್ಬರು ಒಂದು ಮೆಟ್ಟಿಲು ಕಟ್ಟುತ್ತಾರೆ, ಮುಂದಿನವರು ಅದರ ಮೇಲೆ ನಿಂತು ಇನ್ನೊಂದು ಕಟ್ಟುತ್ತಾರೆ. ಒಮ್ಮೆ ಗೊತ್ತಾದ ವಿಷಯ ಮತ್ತೆ ಮರೆತುಹೋಗುವುದು ಉಂಟಾ? ಗ್ರಂಥಾಲಯ ಸುಟ್ಟು, ಸಾಮ್ರಾಜ್ಯ ಬಿದ್ದು ಜ್ಞಾನ ನಾಶವಾದ ಹಳೇ ಕತೆಗಳು ಗೊತ್ತು. ನಾನು ಕೇಳುತ್ತಿರುವುದು ಅಚ್ಚಿನ ಪುಸ್ತಕ, ವೈದ್ಯರು, ಸರ್ಕಾರಿ ದಾಖಲೆ ಎಲ್ಲವೂ ಇದ್ದ ಕಾಲದ ಬಗ್ಗೆ. ಈಗಲೂ ಹಾಗೆ ಆಗಬಹುದಾ?

ಉತ್ತರ: ಉಂಟು. ಅದೂ ಆ ಕಾಲದ ಅತಿ ದೊಡ್ಡ ನೌಕಾಪಡೆಯಲ್ಲಿ, 19ನೇ ಶತಮಾನದಲ್ಲಿ, ಉಳಿದ ವಿಜ್ಞಾನವೆಲ್ಲ ಭರದಿಂದ ಮುಂದೆ ಸಾಗುತ್ತಿದ್ದಾಗಲೇ ಆಗಿದೆ. ಸ್ಕರ್ವಿ ಎಂಬ ರೋಗಕ್ಕೆ ಬ್ರಿಟಿಷ್ ನೌಕಾಪಡೆ ಮದ್ದು ಕಂಡುಕೊಂಡಿತು, ನೂರು ವರ್ಷದೊಳಗೆ ಅದನ್ನು ಕಳೆದುಕೊಂಡಿತು. ಯಾರೂ ಪುಸ್ತಕ ಸುಡಲಿಲ್ಲ. ಯಾವ ದಾಖಲೆಯೂ ಕಾಣೆಯಾಗಲಿಲ್ಲ. ನಿಮ್ಮ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಹಾಗಾಗಿ ಹತ್ತು ಕತೆ ಹೇಳುವ ಬದಲು ಇದೊಂದನ್ನೇ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಮೊದಲು ರೋಗ ಏನು ಅಂತ ನೋಡೋಣ. ತಿಂಗಳುಗಟ್ಟಲೆ ತಾಜಾ ಆಹಾರ ಸಿಗದೆ, ಒಣಗಿದ ಬಿಸ್ಕತ್ತು ಮತ್ತು ಉಪ್ಪು ಹಾಕಿದ ಮಾಂಸ ತಿಂದು ಬದುಕುವವರಿಗೆ ಇದು ಬರುತ್ತದೆ. ಮೊದಲು ಸುಸ್ತು. ಆಮೇಲೆ ವಸಡು ಊದಿಕೊಂಡು ರಕ್ತ ಒಸರುತ್ತದೆ, ಹಲ್ಲು ಅಲುಗಾಡುತ್ತದೆ, ಚರ್ಮದ ಕೆಳಗೆ ನೀಲಿ ಕಲೆಗಳು ಏಳುತ್ತವೆ. ಕೊನೆಗೆ ಸಾವು. ಇದರ ಅತಿ ಭಯಾನಕ ಲಕ್ಷಣ ಎಂದರೆ ಯಾವತ್ತೋ ಮಾಗಿದ ಗಾಯ ಮತ್ತೆ ಬಾಯಿ ಬಿಡುವುದು. 1740ರಲ್ಲಿ ಜಾರ್ಜ್ ಆನ್ಸನ್ ಎಂಬ ಅಧಿಕಾರಿಯ ನೇತೃತ್ವದಲ್ಲಿ ಹೊರಟ ಹಡಗುಗಳಲ್ಲಿ ಒಬ್ಬ ಮುದುಕ ಸಿಪಾಯಿ ಇದ್ದ. 1690ರ ಬಾಯ್ನ್ ಕದನದಲ್ಲಿ ಅವನಿಗೆ ಗಾಯವಾಗಿತ್ತು. ಬೇಗ ವಾಸಿಯೂ ಆಗಿತ್ತು. ಸ್ಕರ್ವಿ ಬಂದಾಗ, ಐವತ್ತು ವರ್ಷ ಕಳೆದ ಮೇಲೆ, ಆ ಗಾಯ ಈಗಷ್ಟೇ ಆದ ಹಾಗೆ ಬಿರಿಯಿತು. ಕೂಡಿಕೊಂಡಿದ್ದ ಮೂಳೆ ಮತ್ತೆ ಬಿಟ್ಟುಕೊಂಡಿತು. ಆನ್ಸನ್ ಜೊತೆ ಹೊರಟ ಸುಮಾರು 1,900 ಜನರಲ್ಲಿ ಸುಮಾರು 1,400 ಜನ ಸತ್ತರು. ಶತ್ರುವಿನ ಗುಂಡಿಗೆ ಬಲಿಯಾದವರು ಬೆರಳೆಣಿಕೆಯಷ್ಟು. ಹೆಚ್ಚಿನವರನ್ನು ಕೊಂದದ್ದು ಸ್ಕರ್ವಿ.

ಈ ರೋಗಕ್ಕೆ ಹುಳಿ ಹಣ್ಣು ಆಗುತ್ತದೆ ಎನ್ನುವುದು ಅದಕ್ಕೂ ಮೊದಲೇ ಹಲವರಿಗೆ ಗೊತ್ತಿತ್ತು. 1601ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಮೊದಲ ನಾಲ್ಕು ಹಡಗುಗಳನ್ನು ಕರೆದೊಯ್ದ ಜೇಮ್ಸ್ ಲ್ಯಾಂಕಾಸ್ಟರ್, ತನ್ನ ಹಡಗಿನವರಿಗೆ ಬೆಳಗ್ಗೆ ಮೂರು ಚಮಚ ಲೆಮನ್ (ನಿಂಬೆ ಜಾತಿಯ ದೊಡ್ಡ ಹಳದಿ ಹಣ್ಣು) ರಸ ಕೊಡುತ್ತಿದ್ದ. ಆಫ್ರಿಕಾದ ದಕ್ಷಿಣ ತುದಿ ತಲುಪುವಾಗ ಉಳಿದ ಮೂರು ಹಡಗುಗಳ ನಾವಿಕರು ಹಾಯಿ ಇಳಿಸಲೂ ಆಗದಷ್ಟು ಬಸವಳಿದಿದ್ದರು. ಲ್ಯಾಂಕಾಸ್ಟರನ ಜನರೇ ಹೋಗಿ ಅವರಿಗೆ ಕೈ ಹಿಡಿಯಬೇಕಾಯಿತು. ಆದರೂ ಈ ತಿಳಿವಳಿಕೆ ನಿಲ್ಲಲಿಲ್ಲ. ಒಬ್ಬ ಕಪ್ತಾನನಿಗೆ ಗೊತ್ತಿರುತ್ತಿತ್ತು, ಅವನ ಕಾಲ ಮುಗಿದ ಮೇಲೆ ಮುಂದಿನವನಿಗೆ ಗೊತ್ತಿರುತ್ತಿರಲಿಲ್ಲ. ಅಲ್ಲದೆ ಸ್ಕರ್ವಿಗೆ ಮದ್ದು ಅಂತ ನೂರು ವಸ್ತುಗಳ ಹೆಸರು ಓಡಾಡುತ್ತಿತ್ತು. ಲೆಮನ್ ಅವುಗಳಲ್ಲಿ ಒಂದು, ಅಷ್ಟೇ.

ಹೋಲಿಸಿ ನೋಡಿದವನು ಜೇಮ್ಸ್ ಲಿಂಡ್. ಸಾಲಿಸ್‌ಬರಿ ಎಂಬ ಯುದ್ಧನೌಕೆಯ ವೈದ್ಯ. 1747ರ ಮೇ 20ರಂದು ಅವನು ಸ್ಕರ್ವಿ ಹಿಡಿದ ಹನ್ನೆರಡು ಜನರನ್ನು ಆರಿಸಿಕೊಂಡ. ಎಲ್ಲರ ಸ್ಥಿತಿಯೂ ಆದಷ್ಟು ಒಂದೇ ರೀತಿ ಇರಬೇಕು ಅಂತ ನೋಡಿಕೊಂಡ. ಎಲ್ಲರನ್ನೂ ಒಂದೇ ಜಾಗದಲ್ಲಿ ಮಲಗಿಸಿದ, ಒಂದೇ ಊಟ ಕೊಟ್ಟ. ಆಮೇಲೆ ಇಬ್ಬಿಬ್ಬರಂತೆ ಆರು ಜೋಡಿ ಮಾಡಿದ. ಒಂದು ಜೋಡಿಗೆ ಸೇಬಿನಿಂದ ಮಾಡಿದ ಮದ್ಯ. ಒಂದಕ್ಕೆ ನೀರು ಬೆರೆಸಿದ ಗಂಧಕಾಮ್ಲದ ಹನಿಗಳು. ಒಂದಕ್ಕೆ ವಿನೆಗರ್. ಒಂದಕ್ಕೆ ಸಮುದ್ರದ ನೀರು. ಒಂದಕ್ಕೆ ಬೆಳ್ಳುಳ್ಳಿ, ಸಾಸಿವೆ ಇತ್ಯಾದಿ ಅರೆದು ಮಾಡಿದ ಜಾಯಿಕಾಯಿ ಗಾತ್ರದ ಉಂಡೆ. ಉಳಿದ ಜೋಡಿಗೆ ದಿನಕ್ಕೆ ಎರಡು ಕಿತ್ತಳೆ, ಒಂದು ಲೆಮನ್. ಆರು ದಿನಕ್ಕೆ ಹಣ್ಣು ಮುಗಿದೇಹೋಯಿತು. ಅಷ್ಟರಲ್ಲಿ ಹಣ್ಣು ತಿಂದ ಇಬ್ಬರಲ್ಲಿ ಒಬ್ಬ ಕೆಲಸಕ್ಕೆ ಹಾಜರಾಗುವಷ್ಟು ಚೇತರಿಸಿಕೊಂಡಿದ್ದ. ಇನ್ನೊಬ್ಬನನ್ನು ಉಳಿದ ರೋಗಿಗಳನ್ನು ನೋಡಿಕೊಳ್ಳಲು ನೇಮಿಸಲಾಯಿತು.

ಇಷ್ಟು ಸ್ಪಷ್ಟವಾದ ಮೇಲೆ ಮರುದಿನವೇ ಎಲ್ಲ ಹಡಗಿಗೂ ಲೆಮನ್ ಹೋಗಬೇಕಿತ್ತು, ಅಲ್ವಾ? ಹೋಗಲಿಲ್ಲ. 48 ವರ್ಷ ಹಿಡಿಯಿತು. ಸುಮ್ನೆ ಅಧಿಕಾರಿಗಳ ಆಲಸ್ಯ ಎಂದು ಇದನ್ನು ವಿವರಿಸುವವರು ಬಹಳ. ನನಗೆ ಅದು ಸರಿ ಅನ್ನಿಸುವುದಿಲ್ಲ. ಲಿಂಡ್‌ಗೇ ತಾನು ಕಂಡದ್ದರ ಅರ್ಥ ಗೊತ್ತಿರಲಿಲ್ಲ. 1753ರಲ್ಲಿ ಅವನು ಸ್ಕರ್ವಿಯ ಮೇಲೆ ದಪ್ಪ ಪುಸ್ತಕ ಬರೆದ. ಅದರಲ್ಲಿ ಈ ಪ್ರಯೋಗಕ್ಕೆ ಸಿಕ್ಕಿದ್ದು ಕೆಲವೇ ಪುಟ. ಅವನ ಪ್ರಕಾರ ಹಡಗಿನ ತೇವದ ಗಾಳಿಯಿಂದ ಬೆವರುವಿಕೆ ಕಟ್ಟಿಕೊಂಡು ರೋಗ ಬರುತ್ತದೆ, ಹುಳಿ ರಸ ಆ ಕಟ್ಟನ್ನು ಬಿಡಿಸುತ್ತದೆ. ಆಹಾರದಲ್ಲಿ ಏನೋ ಒಂದು ಕಡಿಮೆಯಾಗಿ ರೋಗ ಬರುತ್ತದೆ ಎಂಬ ಯೋಚನೆಯನ್ನು ಅವನು ಮುಟ್ಟಲೇ ಇಲ್ಲ. ಆ ಕಾಲದಲ್ಲಿ ರೋಗ ಎಂದರೆ ದೇಹಕ್ಕೆ ಕೆಟ್ಟದ್ದು ಏನೋ ಸೇರಿದ್ದು, ಇಲ್ಲವೇ ದೇಹದೊಳಗೆ ಏನೋ ಕೆಟ್ಟದ್ದು. ಇಲ್ಲದಿರುವ ವಸ್ತುವೇ ರೋಗಕ್ಕೆ ಕಾರಣವಾಗಬಹುದು ಎಂದು ಯೋಚಿಸುವ ಅಭ್ಯಾಸ ವೈದ್ಯರಲ್ಲಿ ಇರಲಿಲ್ಲ.

ಅದರ ಫಲ ಬೇಗ ಕಾಣಿಸಿತು. ಹಣ್ಣು ಕೊಳೆಯುತ್ತದೆ, ಹಡಗಿನಲ್ಲಿ ಹೆಚ್ಚು ದಿನ ಇಡಲಾಗದು. ಅದಕ್ಕೆ ಲಿಂಡ್ ಒಂದು ದಾರಿ ಹೇಳಿದ: ರಸವನ್ನು ಬಿಸಿನೀರಿನ ಮೇಲೆ ಗಂಟೆಗಟ್ಟಲೆ ಇಟ್ಟು ಬತ್ತಿಸಿ, ಗಟ್ಟಿ ಪಾಕ ಮಾಡಿ ಬಾಟಲಿಯಲ್ಲಿ ತುಂಬಿಡಿ. ರುಚಿ ಹಾಗೇ ಹುಳಿಯಾಗಿತ್ತು, ಹುಳಿಯೇ ಮದ್ದು ಎಂದುಕೊಂಡವನಿಗೆ ಅಷ್ಟು ಸಾಕಾಗಿತ್ತು. ಆದರೆ ಕೆಲಸ ಮಾಡುವ ಅಂಶದ ಬಹುಪಾಲು ಆ ಬಿಸಿಗೆ ಹಾಳಾಗುತ್ತಿತ್ತು. ಹೀಗೆ ಸರಿಯಾದ ಮದ್ದನ್ನು ಕಂಡವನೇ ಅದರ ಕಸುವು ಕಳೆಯುವ ವಿಧಾನವನ್ನೂ ಬರೆದಿಟ್ಟ. ಆ ಪಾಕವನ್ನು ಒಯ್ದವರು ಫಲ ಕಾಣದೆ ಲೆಮನ್ ಮೇಲೇ ಅನುಮಾನಪಟ್ಟರು.

ಜೇಮ್ಸ್ ಕುಕ್ ಹೆಸರು ನೀವು ಕೇಳಿರುತ್ತೀರಿ. 1768ರಿಂದ ವರ್ಷಗಟ್ಟಲೆ ಸಮುದ್ರ ಸುತ್ತಿದರೂ ಸ್ಕರ್ವಿಯಿಂದ ಅವನ ಜನ ಸಾಯಲಿಲ್ಲ. ಅವನು ದಡ ಸಿಕ್ಕಿದಲ್ಲೆಲ್ಲ ತಾಜಾ ಸೊಪ್ಪು ಕೊಯ್ಯಿಸಿ ತಿನ್ನಿಸುತ್ತಿದ್ದ. ಹುಳಿ ಬರಿಸಿದ ಎಲೆಕೋಸು ಕೊಡುತ್ತಿದ್ದ. ಮೊಳಕೆ ಬರಿಸಿದ ಬಾರ್ಲಿಯ ಕಷಾಯವನ್ನೂ ಕೊಡುತ್ತಿದ್ದ. ಇಷ್ಟನ್ನೂ ಒಟ್ಟಿಗೆ ಮಾಡಿದರೆ ಯಾವುದರಿಂದ ಗುಣವಾಯಿತು ಎಂದು ಹೇಳುವುದು ಹೇಗೆ? ಅವನು ಹೆಚ್ಚು ಹೊಗಳಿದ್ದು ಬಾರ್ಲಿ ಕಷಾಯವನ್ನು. ಅದರಲ್ಲಿ ಸ್ಕರ್ವಿ ತಡೆಯುವ ಅಂಶ ಇಲ್ಲವೇ ಇಲ್ಲ ಎನ್ನಬಹುದು. ಲಂಡನ್ನಿನ ವಿಜ್ಞಾನಿಗಳ ಸಂಘವಾದ ರಾಯಲ್ ಸೊಸೈಟಿಯ ಅಧ್ಯಕ್ಷರಾಗಿದ್ದ ಜಾನ್ ಪ್ರಿಂಗಲ್ ಕೂಡ ಅದನ್ನೇ ಎತ್ತಿಹಿಡಿದರು. ಕುಕ್ ಪ್ರಾಮಾಣಿಕ, ಕಟ್ಟುನಿಟ್ಟಿನ ಮನುಷ್ಯ. ಲಿಂಡ್ ಮಾಡಿದ ಹಾಗೆ ಜೋಡಿ ಬೇರೆ ಮಾಡಿ ನೋಡದೇ ಇದ್ದದ್ದೇ ಅವನ ಮಾತು ತಪ್ಪಿದ್ದಕ್ಕೆ ಕಾರಣ.

ಕೊನೆಗೆ ಗಿಲ್ಬರ್ಟ್ ಬ್ಲೇನ್ ಎಂಬ ವೈದ್ಯ ಪಟ್ಟು ಹಿಡಿದ. 1794ರಲ್ಲಿ ಇಂಡಿಯಾಕ್ಕೆ ಹೊರಟ ಸಫೋಕ್ ಎಂಬ ಹಡಗಿಗೆ ಸಾಕಷ್ಟು ಲೆಮನ್ ರಸ ಕೊಟ್ಟು ಕಳಿಸಿದರು. 23 ವಾರ ಎಲ್ಲೂ ದಡ ಮುಟ್ಟದೆ ಹಡಗು ಸಾಗಿತು. ಸ್ಕರ್ವಿಯಿಂದ ಒಬ್ಬನೂ ಸಾಯಲಿಲ್ಲ. 1795ರಲ್ಲಿ ನೌಕಾಪಡೆ ಲೆಮನ್ ರಸವನ್ನು ಒಪ್ಪಿಕೊಂಡಿತು. ಕೆಲವೇ ವರ್ಷಗಳಲ್ಲಿ ಬ್ರಿಟಿಷ್ ಹಡಗುಗಳಿಂದ ಸ್ಕರ್ವಿ ಹೆಚ್ಚು ಕಡಿಮೆ ಮಾಯವಾಯಿತು. ನೆಪೋಲಿಯನ್ ಕಾಲದ ಯುದ್ಧಗಳಲ್ಲಿ ಆ ಹಡಗುಗಳು ಫ್ರಾನ್ಸಿನ ಬಂದರುಗಳ ಎದುರು ತಿಂಗಳುಗಟ್ಟಲೆ ಕಾವಲು ನಿಲ್ಲಲು ಸಾಧ್ಯವಾದದ್ದರಲ್ಲಿ ಈ ರಸದ ಪಾಲು ದೊಡ್ಡದು.

ಮೆಟ್ಟಿಲಿನ ಕತೆಯಾಗಿದ್ದರೆ ಇಲ್ಲಿಗೆ ಮುಗಿಯಬೇಕಿತ್ತು. ನಿಮ್ಮ ಪ್ರಶ್ನೆಯ ನಿಜವಾದ ಉತ್ತರ ಶುರುವಾಗುವುದೇ ಇಲ್ಲಿಂದ.

1860ರ ದಶಕದಲ್ಲಿ ನೌಕಾಪಡೆ ಮೆಡಿಟರೇನಿಯನ್ ಕಡೆಯ ಲೆಮನ್ ಬಿಟ್ಟು ವೆಸ್ಟ್ ಇಂಡೀಸ್ ದ್ವೀಪಗಳ ಲೈಮ್ (ನಮ್ಮ ನಿಂಬೆಯಂಥ ಸಣ್ಣ ಹಣ್ಣು) ಕೊಳ್ಳಲು ಶುರು ಮಾಡಿತು. ಲೈಮ್ ಬೆಳೆಯುವ ತೋಟಗಳು ಬ್ರಿಟನ್ನಿನದೇ ವಸಾಹತುಗಳಲ್ಲಿ ಇದ್ದವು. ಪೂರೈಕೆ ಸುಲಭ. ಎರಡೂ ನಿಂಬೆಯ ಜಾತಿಯವೇ. ಲೈಮ್ ಇನ್ನೂ ಜಾಸ್ತಿ ಹುಳಿ. ಹುಳಿಯೇ ಮದ್ದು ಎಂದು ನಂಬಿದವರ ಲೆಕ್ಕದಲ್ಲಿ ಇದು ಒಳ್ಳೆಯ ಬದಲಾವಣೆ. ನಿಜದಲ್ಲಿ ಆ ಲೈಮ್ ರಸದಲ್ಲಿ ಬೇಕಾದ ಅಂಶ ಲೆಮನ್ ರಸದ ಸುಮಾರು ಕಾಲು ಭಾಗ ಮಾತ್ರ ಇತ್ತು. ಅದನ್ನು ಗಾಳಿ ಬೆಳಕಿಗೆ ಒಡ್ಡಿ, ತಾಮ್ರದ ಕೊಳವೆಗಳಲ್ಲಿ ಹರಿಸಿ, ತಿಂಗಳುಗಟ್ಟಲೆ ಇಟ್ಟರೆ ಆ ಕಾಲು ಭಾಗವೂ ಉಳಿಯುತ್ತಿರಲಿಲ್ಲ. 1867ರಲ್ಲಿ ವ್ಯಾಪಾರಿ ಹಡಗುಗಳೂ ರಸ ಕೊಡಬೇಕು ಎಂದು ಕಾನೂನಾಯಿತು. ಕಾನೂನಿತ್ತು, ಬಾಟಲಿಗಳಿದ್ದವು, ದಿನದ ಅಳತೆ ತಪ್ಪದೆ ಸಿಗುತ್ತಿತ್ತು. ಒಳಗೆ ಇರಬೇಕಾದ ಅಂಶ ಮಾತ್ರ ಹೆಚ್ಚು ಕಡಿಮೆ ಇರಲಿಲ್ಲ.

ಹಾಗಾದರೆ ನಾವಿಕರು ಮತ್ತೆ ಸಾಯಬೇಕಿತ್ತಲ್ಲ ಎಂದು ನೀವು ಕೇಳಬಹುದು. ಸಾಯಲಿಲ್ಲ, ಏಕೆಂದರೆ ಅಷ್ಟರಲ್ಲಿ ಹಬೆ ಹಡಗು ಬಂದಿತ್ತು. ದೇಹದಲ್ಲಿರುವ ದಾಸ್ತಾನು ಖಾಲಿಯಾಗಿ ಸ್ಕರ್ವಿ ಕಾಣಿಸಿಕೊಳ್ಳಲು ಎರಡು ಮೂರು ತಿಂಗಳಾದರೂ ಬೇಕು. ಹಬೆ ಹಡಗು ಅದಕ್ಕೂ ಮೊದಲೇ ಯಾವುದೋ ಬಂದರು ಮುಟ್ಟುತ್ತಿತ್ತು. ಅಲ್ಲಿ ತಾಜಾ ತರಕಾರಿ ಸಿಗುತ್ತಿತ್ತು. ರೋಗ ತಡೆಯುತ್ತಿದ್ದದ್ದು ಬಂದರಿನ ತರಕಾರಿ, ಹೆಸರು ಬರುತ್ತಿದ್ದದ್ದು ಬಾಟಲಿಯ ಲೈಮ್ ರಸಕ್ಕೆ. ಇಡೀ ಕತೆಯಲ್ಲಿ ನನ್ನನ್ನು ಅತಿ ಹೆಚ್ಚು ಕಾಡುವ ಜಾಗ ಇದು. ಒಂದು ತಂತ್ರಜ್ಞಾನ ಮುಂದೆ ಹೋದದ್ದರಿಂದಲೇ ಇನ್ನೊಂದು ಕಡೆ ಆದ ನಷ್ಟ ಮುಚ್ಚಿಹೋಯಿತು. ಯಾರಿಗೂ ಗೊತ್ತಾಗುವ ಅವಕಾಶವೇ ಇರಲಿಲ್ಲ.

ಗೊತ್ತಾಗಬಹುದಾದ ಜಾಗ ಒಂದೇ ಒಂದು ಉಳಿದಿತ್ತು. ಧ್ರುವ ಪ್ರದೇಶ. ಅಲ್ಲಿಗೆ ಹೋದವರು ಮಂಜುಗಡ್ಡೆಯಲ್ಲಿ ಸಿಕ್ಕಿಕೊಂಡು ವರ್ಷಗಟ್ಟಲೆ ಇರುತ್ತಿದ್ದರು, ಬಂದರು ಇರಲಿಲ್ಲ. 1850ರಲ್ಲಿ ಉತ್ತರ ಧ್ರುವದ ಕಡೆ ಹೋದ ಇನ್ವೆಸ್ಟಿಗೇಟರ್ ಎಂಬ ಹಡಗು ಲೆಮನ್ ರಸ ಒಯ್ದಿತ್ತು. ಎರಡು ವರ್ಷಕ್ಕೂ ಹೆಚ್ಚು ಕಾಲ ಅಲ್ಲಿ ಸ್ಕರ್ವಿ ಕಾಣಲಿಲ್ಲ. 1875ರಲ್ಲಿ ಜಾರ್ಜ್ ನೇರ್ಸ್ ತಂಡ ಅದೇ ಕಡೆಗೆ ಲೈಮ್ ರಸ ಒಯ್ದಿತು. ಮರುವರ್ಷ ವಸಂತದಲ್ಲಿ ಸ್ಲೆಡ್ಜ್ (ಹಿಮದ ಮೇಲೆ ಜಾರುವ ಬಂಡಿ) ಎಳೆದುಕೊಂಡು ಹೋದವರು ಒಬ್ಬರ ಮೇಲೊಬ್ಬರು ಸ್ಕರ್ವಿಯಿಂದ ಕುಸಿದರು. ತಂಡ ಯಾತ್ರೆ ಮೊಟಕು ಮಾಡಿ ವಾಪಸು ಬರಬೇಕಾಯಿತು. ದೇಶದಲ್ಲಿ ಗದ್ದಲ ಎದ್ದು ವಿಚಾರಣೆಯಾಯಿತು. ಸ್ಲೆಡ್ಜ್‌ಗಳಲ್ಲಿ ರಸದ ಬಾಟಲಿ ಒಯ್ಯದೇ ಇದ್ದದ್ದೇ ಕಾರಣ ಎಂದು ತೀರ್ಮಾನಿಸಿದರು. ಆದರೆ ಹಡಗಿನಲ್ಲಿ ಚಳಿಗಾಲವಿಡೀ ದಿನವೂ ರಸ ಕುಡಿದಿದ್ದವರು ಹೊರಟ ಕೆಲವೇ ವಾರಗಳಲ್ಲಿ ಹೇಗೆ ಬಿದ್ದರು? ಈ ಪ್ರಶ್ನೆಗೆ ಉತ್ತರ ಸಿಗಲಿಲ್ಲ. ಅದರ ಜೊತೆಗೆ, ಲೈಮ್ ರಸವನ್ನೇ ಮುಟ್ಟದೆ ಬೇಟೆಯ ತಾಜಾ ಮಾಂಸ ತಿಂದು ಧ್ರುವದಲ್ಲಿ ಆರೋಗ್ಯವಾಗಿದ್ದವರೂ ಇದ್ದರು. ಹೀಗೆ ರಸದ ಮೇಲಿನ ನಂಬಿಕೆ ನಿಧಾನವಾಗಿ ಸಡಿಲವಾಯಿತು.

ಇದೇ ಹೊತ್ತಿಗೆ ಲೂಯಿ ಪಾಶ್ಚರ್ ಮತ್ತು ರಾಬರ್ಟ್ ಕಾಕ್ ಅವರ ಕೆಲಸದಿಂದ ರೋಗಾಣುಗಳ ಸಿದ್ಧಾಂತ ಗೆದ್ದಿತ್ತು. ಅದು ಮನುಷ್ಯ ಗಳಿಸಿದ ಅತಿ ದೊಡ್ಡ ತಿಳಿವಳಿಕೆಗಳಲ್ಲಿ ಒಂದು, ಅದರಲ್ಲಿ ಎರಡು ಮಾತಿಲ್ಲ. ಆದರೆ ಗೆದ್ದ ಸಿದ್ಧಾಂತದ ಕಣ್ಣಿಗೆ ಎಲ್ಲ ರೋಗವೂ ತನ್ನದೇ ಅಂತ ಕಾಣುತ್ತದೆ. ಸ್ಕರ್ವಿಗೂ ಹೊಸ ವಿವರಣೆ ಬಂತು: ಡಬ್ಬಿಯ ಮಾಂಸ ಸರಿಯಾಗಿ ಬೇಯದೆ ಒಳಗೆ ಬ್ಯಾಕ್ಟೀರಿಯಾ ಬೆಳೆದು ವಿಷ ಹುಟ್ಟುತ್ತದೆ, ಆ ವಿಷದಿಂದಲೇ ಸ್ಕರ್ವಿ. ಮಾಂಸ ತಾಜಾ ಇದ್ದರೆ ಹಣ್ಣೂ ಬೇಡ, ರಸವೂ ಬೇಡ.

ರಾಬರ್ಟ್ ಸ್ಕಾಟ್ 1901ರಲ್ಲಿ ದಕ್ಷಿಣ ಧ್ರುವದ ಕಡೆ ಹೊರಟಾಗ ಅವನ ವೈದ್ಯರು ಇದನ್ನೇ ನಂಬಿದ್ದರು. ಪ್ರತಿ ಡಬ್ಬಿಯನ್ನೂ ಒಡೆದು, ಮೂಸಿ ನೋಡಿ, ಸಂಶಯ ಬಂದರೆ ಎಸೆಯುತ್ತಿದ್ದರು. ಆದರೂ 1902ರಲ್ಲಿ ಸ್ಕರ್ವಿ ಬಂತು. ಸ್ಕಾಟ್ ಡಬ್ಬಿ ಮಾಂಸ ನಿಲ್ಲಿಸಿ ಎಲ್ಲರಿಗೂ ಆಗ ತಾನೇ ಬೇಟೆಯಾಡಿದ ಸೀಲ್ ಎಂಬ ಕಡಲ ಪ್ರಾಣಿಯ ಮಾಂಸ ಕೊಡಿಸಿದ. ಕೆಲವೇ ವಾರಗಳಲ್ಲಿ ಎಲ್ಲರೂ ಗುಣವಾದರು. ಈಗ ಅವರ ಜಾಗದಲ್ಲಿ ನಿಂತು ಯೋಚಿಸಿ. ಡಬ್ಬಿ ನಿಲ್ಲಿಸಿದೆವು, ರೋಗ ಹೋಯಿತು. ಸಿದ್ಧಾಂತ ಹೇಳಿದಂತೆಯೇ ಆಯಿತು. ಇದಕ್ಕಿಂತ ಒಳ್ಳೆಯ ಸಾಕ್ಷಿ ಯಾರಿಗೆ ಬೇಕು? ತಾಜಾ ಸೀಲ್ ಮಾಂಸದಲ್ಲಿ ಲೆಮನ್‌ನಲ್ಲಿರುವ ಅಂಶವೇ ಸ್ವಲ್ಪ ಇರುತ್ತದೆ, ಡಬ್ಬಿಗೆ ತುಂಬುವಾಗ ಬೇಯಿಸಿದರೆ ಅದು ನಾಶವಾಗುತ್ತದೆ ಎಂದು ಆಗ ಹೇಳುವವರು ಯಾರೂ ಇರಲಿಲ್ಲ. ಕಣ್ಣಿಗೆ ಕಂಡದ್ದು ನೂರಕ್ಕೆ ನೂರು ಸರಿ, ತೆಗೆದ ಅರ್ಥ ತಪ್ಪು. ತಿಳಿವಳಿಕೆಯ ಇತಿಹಾಸದಲ್ಲಿ ಹೆಚ್ಚು ಅಪಾಯ ಮಾಡುವುದು ಪೂರ್ತಿ ಸುಳ್ಳಲ್ಲ, ಇಂಥ ತಪ್ಪುಗಳು.

ಇದೇ ವರ್ಷಗಳಲ್ಲಿ ಸ್ಕರ್ವಿ ಸಮುದ್ರ ಬಿಟ್ಟು ಮನೆಯೊಳಗೂ ಬಂದಿತ್ತು. 1883ರಲ್ಲಿ ಥಾಮಸ್ ಬಾರ್ಲೋ ಎಂಬ ಲಂಡನ್ನಿನ ವೈದ್ಯರು, ಕಾಲು ಮುಟ್ಟಿದರೆ ನೋವಿನಿಂದ ಕಿರುಚುವ ಎಳೆ ಮಕ್ಕಳ ಕಾಯಿಲೆ ಸ್ಕರ್ವಿಯೇ ಎಂದು ತೋರಿಸಿದರು. ಇದು ಅನುಕೂಲಸ್ಥರ ಮನೆಗಳಲ್ಲಿ ಜಾಸ್ತಿ ಇತ್ತು. ತಾಯಿಯ ಹಾಲಿನ ಬದಲು ಡಬ್ಬಿ ಹಾಲು, ಕಾಯಿಸಿದ ಹಾಲು, ಅಂಗಡಿಯ ಶಿಶು ಆಹಾರ ಕೊಳ್ಳುವ ಶಕ್ತಿ ಇದ್ದವರು ಅವರೇ. ಹಾಲು ಕಾಯಿಸಿದ್ದರಿಂದ ಹೊಟ್ಟೆಯ ಸೋಂಕು, ಕ್ಷಯದಂಥ ಕಾಯಿಲೆಗಳಿಂದ ಬಹಳ ಮಕ್ಕಳು ಉಳಿದರು. ಅದೇ ಬಿಸಿ ಇನ್ನೊಂದು ಕಾಯಿಲೆಯನ್ನು ತಂದಿತು.

ಬಿಡುಗಡೆ ಬಂದದ್ದು ಅನಿರೀಕ್ಷಿತ ದಾರಿಯಿಂದ. ಈಗಿನ ಓಸ್ಲೋ ನಗರದಲ್ಲಿ ಆಕ್ಸೆಲ್ ಹೋಲ್ಸ್ಟ್ ಮತ್ತು ಥಿಯೊಡೋರ್ ಫ್ರೋಲಿಕ್ ಎಂಬ ಇಬ್ಬರು ಬೆರಿಬೆರಿ ಎಂಬ ಬೇರೆಯೇ ರೋಗದ ಅಧ್ಯಯನ ನಡೆಸುತ್ತಿದ್ದರು. ಮೊದಲು ಪಾರಿವಾಳ ಬಳಸುತ್ತಿದ್ದವರು ಆಮೇಲೆ ಗಿನಿಪಿಗ್‌ಗಳಿಗೆ ಬರೀ ಕಾಳು ಹಾಕಿ ಸಾಕಿದರು. ಅವುಗಳಿಗೆ ಬೆರಿಬೆರಿ ಬರಲಿಲ್ಲ, ಸ್ಕರ್ವಿ ಬಂತು. 1907ರಲ್ಲಿ ಅವರು ಇದನ್ನು ಪ್ರಕಟಿಸಿದರು. ಇಲ್ಲಿ ಅದೃಷ್ಟ ಎಷ್ಟು ದೊಡ್ಡದು ನೋಡಿ. ಹೆಚ್ಚಿನ ಪ್ರಾಣಿಗಳು ಈ ಅಂಶವನ್ನು ತಮ್ಮ ದೇಹದಲ್ಲೇ ತಯಾರಿಸಿಕೊಳ್ಳುತ್ತವೆ. ಇಲಿ, ನಾಯಿ, ಪಾರಿವಾಳಕ್ಕೆ ಸ್ಕರ್ವಿ ಬರುವುದಿಲ್ಲ. ಮನುಷ್ಯರು ಮತ್ತು ಮಂಗಗಳ ಪೂರ್ವಜರು ಆ ಶಕ್ತಿಯನ್ನು ಕೋಟ್ಯಂತರ ವರ್ಷಗಳ ಹಿಂದೆ ಕಳೆದುಕೊಂಡರು. ಗಿನಿಪಿಗ್‌ಗಳು ಬೇರೆಯಾಗಿ ಕಳೆದುಕೊಂಡವು. ಅವರು ಇಲಿ ಆರಿಸಿಕೊಂಡಿದ್ದರೆ ಏನೂ ಕಾಣುತ್ತಿರಲಿಲ್ಲ.

ಒಂದು ಪ್ರಾಣಿ ಸಿಕ್ಕಿದ್ದರಿಂದ ಎಲ್ಲವೂ ಬದಲಾಯಿತು. ಅಲ್ಲಿಯವರೆಗೆ ಒಂದು ಬಾಟಲಿ ರಸ ಒಳ್ಳೆಯದೋ ಕೆಟ್ಟದ್ದೋ ಎಂದು ತಿಳಿಯಲು ನೂರಾರು ನಾವಿಕರನ್ನು ತಿಂಗಳುಗಟ್ಟಲೆ ಸಮುದ್ರದಲ್ಲಿ ಇಡಬೇಕಿತ್ತು. ಈಗ ಪ್ರಯೋಗಾಲಯದ ಗೂಡಿನಲ್ಲಿ ಕೆಲವು ವಾರ ಸಾಕು. ಮೊದಲ ಮಹಾಯುದ್ಧದ ಕಾಲದಲ್ಲಿ ಲಂಡನ್ನಿನ ಲಿಸ್ಟರ್ ಇನ್‌ಸ್ಟಿಟ್ಯೂಟ್‌ನಲ್ಲಿ ಹ್ಯಾರಿಯೆಟ್ ಚಿಕ್ ಮತ್ತು ಅವರ ಸಂಗಡದ ಮಹಿಳಾ ವಿಜ್ಞಾನಿಗಳು ಲೆಮನ್ ಮತ್ತು ಲೈಮ್ ಎರಡನ್ನೂ ಗಿನಿಪಿಗ್‌ಗಳ ಮೇಲೆ ಹೋಲಿಸಿದರು. ನಾನು ಮೇಲೆ ಹೇಳಿದ ಆ ಕಾಲು ಭಾಗದ ಲೆಕ್ಕ ಅವರದು. ಬಾಟಲಿಯಲ್ಲಿ ಇಟ್ಟ ಲೈಮ್ ರಸ ಬಹುತೇಕ ನಿರುಪಯೋಗಿ ಎಂದೂ ಅವರೇ ತೋರಿಸಿದರು. ಅವರಲ್ಲಿ ಒಬ್ಬರಾದ ಆಲಿಸ್ ಹೆಂಡರ್ಸನ್ ಸ್ಮಿತ್ ಹಳೆಯ ನೌಕಾ ದಾಖಲೆಗಳನ್ನು ಕೆದಕಿ, 1850ರ ರಸ ಮತ್ತು 1875ರ ರಸ ಬೇರೆ ಬೇರೆ ಹಣ್ಣಿನದು ಎಂದು ಬಿಡಿಸಿ ಹೇಳಿದರು. ದಾಖಲೆಗಳು ಅಲ್ಲೇ ಇದ್ದವು. ಏನನ್ನು ಹುಡುಕಬೇಕು ಎಂದು ಗೊತ್ತಿದ್ದವರು ಬರುವ ತನಕ ಅವು ಏನೂ ಹೇಳಲಿಲ್ಲ.

ಮುಂದಿನದು ಬೇಗ ನಡೆಯಿತು. 1928ರಲ್ಲಿ ಆಲ್ಬರ್ಟ್ ಸೆಂಟ್-ಜಾರ್ಜಿ ಪ್ರಾಣಿಗಳ ಅಡ್ರಿನಲ್ ಗ್ರಂಥಿಯಿಂದ ಒಂದು ಆಮ್ಲ ಬೇರ್ಪಡಿಸಿದರು. ಅದೇ ಸ್ಕರ್ವಿ ತಡೆಯುವ ವಸ್ತು ಎಂದು 1932ರಲ್ಲಿ ಖಚಿತವಾಯಿತು, ಮತ್ತೆ ಗಿನಿಪಿಗ್‌ಗಳಿಂದಲೇ. 1933ರಲ್ಲಿ ಅದರ ರಚನೆ ಗೊತ್ತಾಯಿತು, ಕೃತಕವಾಗಿಯೂ ತಯಾರಿಸಿದರು. ಅದೇ ವಿಟಮಿನ್ ಸಿ. ದಿನಕ್ಕೆ ಸುಮಾರು 10 ಮಿಲಿಗ್ರಾಂ ಸಿಕ್ಕರೆ ಸ್ಕರ್ವಿ ಬರುವುದಿಲ್ಲ. ನಮ್ಮ ಚರ್ಮ, ವಸಡು, ಮೂಳೆ, ರಕ್ತನಾಳಗಳನ್ನು ಹಿಡಿದಿಟ್ಟಿರುವ ಕೊಲಾಜೆನ್ ಎಳೆಗಳನ್ನು ದೇಹ ಗಟ್ಟಿ ಮಾಡಲು ಇದು ಬೇಕೇ ಬೇಕು. ಮಾಗಿದ ಗಾಯದ ಜಾಗವನ್ನೂ ದೇಹ ಜೀವನವಿಡೀ ಹೊಸ ಕೊಲಾಜೆನ್ ಹಾಕಿ ರಿಪೇರಿ ಮಾಡುತ್ತಲೇ ಇರುತ್ತದೆ. ಆ ರಿಪೇರಿ ನಿಂತದ್ದರಿಂದಲೇ ಬಾಯ್ನ್ ಕದನದ ಸಿಪಾಯಿಯ ಗಾಯ ಐವತ್ತು ವರ್ಷದ ಮೇಲೆ ಬಿರಿದದ್ದು.

ಈಗ ನಿಮ್ಮ ಕೊನೆಯ ಪ್ರಶ್ನೆ. ಇಂದೂ ಹಾಗೆ ಆಗಬಹುದಾ? ಆಗಬಹುದು, ಆದರೆ ಎಲ್ಲ ಕಡೆ ಅಲ್ಲ. ಒಂದು ವಿಧಾನ ಕೆಲಸ ಮಾಡುತ್ತದೆ ಎಂದು ಗೊತ್ತಿದ್ದು, ಅದರ ಯಾವ ಭಾಗ ಕೆಲಸ ಮಾಡುತ್ತಿದೆ ಎಂದು ಗೊತ್ತಿಲ್ಲದ ಕಡೆ ಈ ಅಪಾಯ ಇದ್ದೇ ಇರುತ್ತದೆ. ಅಂಥ ಕಡೆ ಸಣ್ಣ ಬದಲಾವಣೆ ಮಾಡುವಾಗ ಕೇಳಬೇಕಾದ ಪ್ರಶ್ನೆ ಇದು: ಈ ಬದಲಾವಣೆಯಿಂದ ಕೆಟ್ಟದಾದರೆ ನಮಗೆ ಎಷ್ಟು ಬೇಗ ಗೊತ್ತಾಗುತ್ತದೆ?

ಶಸ್ತ್ರಚಿಕಿತ್ಸೆಗೆ ಮುಂಚೆ ಪ್ರಜ್ಞೆ ತಪ್ಪಿಸುವ ಅರಿವಳಿಕೆಯನ್ನೇ ನೋಡಿ. 1846ರಲ್ಲಿ ಬಾಸ್ಟನ್ ನಗರದ ಆಸ್ಪತ್ರೆಯಲ್ಲಿ ಈಥರ್ ಕೊಟ್ಟು ಮಾಡಿದ ಶಸ್ತ್ರಚಿಕಿತ್ಸೆ ಜಗತ್ತಿಗೆಲ್ಲ ಸುದ್ದಿಯಾಯಿತು. ಅಂದಿನಿಂದ ಇಂದಿನವರೆಗೂ ಆ ಜಾತಿಯ ಔಷಧಗಳು ಮೆದುಳಿನಲ್ಲಿ ಪ್ರಜ್ಞೆಯನ್ನು ಹೇಗೆ ಆರಿಸುತ್ತವೆ ಎಂಬುದು ಪೂರ್ತಿ ಬಗೆಹರಿದಿಲ್ಲ. ಬಹಳಷ್ಟು ತಿಳಿದಿದೆ, ಆದರೆ ಒಮ್ಮತದ ಪೂರ್ಣ ವಿವರಣೆ ಇಲ್ಲ. ಈ ದೃಷ್ಟಿಯಿಂದ ಅದು ಲಿಂಡ್ ಕಾಲದ ಲೆಮನ್ ಇದ್ದ ಸ್ಥಿತಿಯಲ್ಲೇ ಇದೆ. ಆದರೂ ಅದು ಕಳೆದುಹೋಗುವ ಭಯ ನನಗಿಲ್ಲ. ಮೇಜಿನ ಮೇಲೆ ಮಲಗಿದ ಪ್ರತಿಯೊಬ್ಬ ರೋಗಿಯ ನಾಡಿ, ರಕ್ತದೊತ್ತಡ, ರಕ್ತದಲ್ಲಿನ ಆಮ್ಲಜನಕ, ಉಸಿರಿನಲ್ಲಿ ಹೊರಬರುವ ಅನಿಲ ಎಲ್ಲವನ್ನೂ ಕ್ಷಣಕ್ಷಣಕ್ಕೆ ಅಳೆಯುತ್ತಿರುತ್ತಾರೆ. ಔಷಧ ಕಸುವು ಕಳೆದುಕೊಂಡಿದ್ದರೆ ಅದೇ ದಿನ, ಅದೇ ಮೇಜಿನ ಮೇಲೆ ಗೊತ್ತಾಗುತ್ತದೆ. 1860ರ ದಶಕದ ನೌಕಾಪಡೆಗೆ ತನ್ನ ರಸದ ಬಗ್ಗೆ ಇಂಥ ಯಾವ ಅಳತೆಯೂ ಇರಲಿಲ್ಲ. ಆ ಅಳತೆ ಅದಕ್ಕೆ ಸಿಕ್ಕಿದ್ದು ಐವತ್ತು ವರ್ಷ ಕಳೆದ ಮೇಲೆ, ಬೇರೆ ರೋಗ ಹುಡುಕುತ್ತಿದ್ದವರ ಗೂಡಿನಲ್ಲಿ.